ಮೂಸಿ ನದಿಯೂ ಸರ್ ಎಂ. ವಿಶ್ವೇಶ್ವರಯ್ಯನವರೂ

ಪ್ರತಿದಿನವೂ ಶಾಲೆಗೆ ಬರುವಾಗ ನಿಮ್ಮಲ್ಲಿ ಅನೇಕರು ಮೂಸಿ ನದಿಯ ಸೇತುವೆಗಳಲ್ಲಿ ಒಂದನ್ನು ದಾಟಿ ಬರುತ್ತೀರಿ. ಬೇಸಗೆಯ ದಿನಗಳಲ್ಲಿ ಸೇತುವೆಯ ಮೇಲಿನಿಂದ ಬಗ್ಗಿ ನೋಡಿದರೆ ಕಾಣುವುದೇನು? ಕಪ್ಪಾದ ನೀರಿನ ಒಂದು ಸಣ್ಣ ಹರಿವು, ಅದರ ಇಕ್ಕೆಲಗಳಲ್ಲಿ ಕಳೆ ಮತ್ತು ಕಸ. ನಾವು ಮೂಗು ಮುಚ್ಚಿಕೊಂಡು ಬೇಗ ಬೇಗನೆ ದಾಟಿಬಿಡುತ್ತೇವೆ. ಈ ಬಡಕಲು ನದಿಯೇ ಒಂದು ದಿನ ಕೆರಳಿ, ಸಾವಿರಾರು ಮನೆಗಳನ್ನು ನುಂಗಿ, ಈ ಮಹಾನಗರವನ್ನು ಶೋಕಸಾಗರದಲ್ಲಿ ಮುಳುಗಿಸಿತೆಂದರೆ ನಂಬುವುದು ಕಷ್ಟ. ಆದರೆ ಅದು ನಡೆದ ಸಂಗತಿ. ಅಂತಹ ವಿಪತ್ತು ಪುನಃ ಬಾರದಂತೆ ಉಪಾಯವನ್ನು ಯೋಚಿಸಿ ಕೊಟ್ಟವರು ಕನ್ನಡನಾಡಿನ ಒಬ್ಬ ಸುಪುತ್ರರು. ಅವರೇ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಕನ್ನಂಬಾಡಿಯ ಕಟ್ಟೆಯಿಂದ ಅವರ ಹೆಸರನ್ನು ಬಲ್ಲವರು ಬಹಳ ಮಂದಿ. ಹೈದರಾಬಾದಿನಲ್ಲಿ ಬೆಳೆಯುತ್ತಿರುವ ಕನ್ನಡ ಮಕ್ಕಳಾದ ನಾವು ಮೂಸಿಯ ಮೂಲಕವೂ ಅವರನ್ನು ಅರಿಯಬೇಕು.

ವಿಶ್ವೇಶ್ವರಯ್ಯನವರು ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಜನಿಸಿದರು. ಅವರ ಜನ್ಮದಿನವಾದ ಸೆಪ್ಟೆಂಬರ್ ೧೫ನ್ನು ನಮ್ಮ ದೇಶವು ಎಂಜಿನಿಯರರ ದಿನವನ್ನಾಗಿ ಆಚರಿಸುತ್ತದೆ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ತಾಯಿ ವೆಂಕಟಲಕ್ಷ್ಮಮ್ಮನವರು ದೈವಭಕ್ತೆ. ಮನೆಯಲ್ಲಿ ವಿದ್ಯೆಗೆ ಕೊರತೆಯಿರಲಿಲ್ಲ. ಹಣಕ್ಕೆ ಮಾತ್ರ ಕೊರತೆಯಿತ್ತು. ಬಾಲ್ಯದಲ್ಲಿಯೇ ಪಿತೃವಿಯೋಗವಾಯಿತು. ಚಿಕ್ಕಬಳ್ಳಾಪುರದಲ್ಲಿ ಮೊದಲ ಪಾಠಗಳನ್ನು ಕಲಿತ ಬಾಲಕನು ಹೆಚ್ಚಿನ ಓದಿಗಾಗಿ ಬೆಂಗಳೂರಿಗೆ ಬಂದು, ಅನ್ಯರ ಮಕ್ಕಳಿಗೆ ಪಾಠ ಹೇಳಿ, ಅದರಿಂದ ಬಂದ ಹಣದಿಂದ ತನ್ನ ವಿದ್ಯಾಭ್ಯಾಸವನ್ನು ಸಾಗಿಸಿದನು. ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಪದವಿಯನ್ನು ಪಡೆದ ತರುವಾಯ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಯ ವಿಜ್ಞಾನ ಕಾಲೇಜನ್ನು ಸೇರಿ, ೧೮೮೩ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮಸ್ಥಾನವನ್ನು ಗಳಿಸಿದನು. ಮರುವರ್ಷವೇ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ ಹುದ್ದೆ ದೊರೆಯಿತು.

ಅಲ್ಲಿಂದ ಮುಂದೆ ಸುಮಾರು ಇಪ್ಪತ್ತನಾಲ್ಕು ವರ್ಷಗಳ ಕಾಲ ವಿಶ್ವೇಶ್ವರಯ್ಯನವರಿಗೆ ನೀರೇ ಗುರುವಾಯಿತೆನ್ನಬಹುದು. ಸಿಂಧ್ ಪ್ರಾಂತದ ಸಕ್ಕರ್ ಪಟ್ಟಣಕ್ಕೆ ಸಿಂಧೂ ನದಿಯ ನೀರನ್ನು ಒದಗಿಸುವ ಕಾರ್ಯವು ಅವರ ಪಾಲಿಗೆ ಬಂದಿತು. ಆ ನದಿಯ ನೀರಾದರೋ ಕೆಸರುಮಯ. ಅದನ್ನು ಸೋಸುವ ಯಂತ್ರಸಾಧನಗಳಿಗೆ ಪುರಸಭೆಯಲ್ಲಿ ಹಣವಿಲ್ಲ. ಆಗ ಅವರು ನದಿಯ ಪಾತ್ರದಲ್ಲಿಯೇ ಬಾವಿಯನ್ನು ತೋಡಿಸಿ, ಮರಳಿನ ಪದರಗಳ ಮೂಲಕ ಒಸರಿ ಬರುವ ತಿಳಿನೀರನ್ನು ಪಟ್ಟಣಕ್ಕೆ ಏರಿಸಿದರು. ಭೂಮಿಯೊಳಗೆ ಮೆಲ್ಲಗೆ ಇಳಿದು ಬಂದ ನೀರು ತಾನಾಗಿಯೇ ಶುದ್ಧವಾಗುತ್ತದೆಂಬ ಸತ್ಯವನ್ನು ಅವರು ಕಾರ್ಯದಲ್ಲಿ ತೋರಿಸಿದರು.

ಮುಂದೆ ಪುಣೆಯ ಸಮೀಪದ ಖಡಕ್‌ವಾಸ್ಲಾ ಜಲಾಶಯದಲ್ಲಿ ಬೇರೊಂದು ಪಾಠವು ದೊರೆಯಿತು. ಮಳೆಗಾಲದಲ್ಲಿ ಅಲ್ಲಿ ನೀರು ಕೋಡಿಯ ಮೇಲೆ ಹರಿದು ವ್ಯರ್ಥವಾಗುತ್ತಿತ್ತು. ಬೇಸಗೆಯಲ್ಲಿ ಅದೇ ನೀರಿಗೆ ಅಭಾವವಾಗುತ್ತಿತ್ತು. ಕಟ್ಟೆಯನ್ನು ಎತ್ತರಿಸಿದರೆ ಪ್ರವಾಹದ ಕಾಲದಲ್ಲಿ ಅಪಾಯ. ವಿಶ್ವೇಶ್ವರಯ್ಯನವರು ಕೋಡಿಯ ಮೇಲೆ ತಾವಾಗಿಯೇ ತೆರೆದುಕೊಳ್ಳುವ ಮತ್ತು ಮುಚ್ಚಿಕೊಳ್ಳುವ ಬಾಗಿಲುಗಳನ್ನು ರಚಿಸಿದರು. ಹಳೆಯ ಮಟ್ಟಕ್ಕಿಂತ ಸುಮಾರು ೮ ಅಡಿಗಳವರೆಗೆ ಆ ಬಾಗಿಲುಗಳು ನೀರನ್ನು ತಡೆದು ನಿಲ್ಲಿಸುತ್ತಿದ್ದವು. ಅದನ್ನು ಮೀರಿದೊಡನೆ ತೆರೆದು, ಹೆಚ್ಚಾದ ನೀರನ್ನು ಮಾತ್ರ ಕೆಳಗೆ ಬಿಡುತ್ತಿದ್ದವು. ನೀರನ್ನು ತಡೆಯುವುದೂ ಬಿಡುವುದೂ ಎರಡೂ ಅಳತೆಯಲ್ಲಿರಬೇಕು. ಅಳತೆ ತಪ್ಪಿದರೆ ಅಮೃತವೇ ವಿಷವಾಗುತ್ತದೆ. ಈ ತತ್ತ್ವವನ್ನು ಹೃದ್ಗತ ಮಾಡಿಕೊಂಡಿದ್ದ ಪುರುಷರಿಗೆ ಮೂಸಿಯ ಕರೆ ಬಂದಿತು.

೧೯೦೮ನೆಯ ಇಸವಿ ಸೆಪ್ಟೆಂಬರ್ ತಿಂಗಳ ಕೊನೆ. ಬಂಗಾಳಕೊಲ್ಲಿಯ ಕಡೆಯಿಂದ ಬಂದ ಚಂಡಮಾರುತದ ಮೋಡಗಳು ಹೈದರಾಬಾದಿನ ಸುತ್ತಣ ಪ್ರದೇಶದ ಮೇಲೆ ಕವಿದುಕೊಂಡವು. ಶಂಷಾಬಾದಿನಲ್ಲಿ ೨೪ ಗಂಟೆಗಳಲ್ಲಿ ೧೨.೮ ಅಂಗುಲ, ೪೮ ಗಂಟೆಗಳಲ್ಲಿ ೧೮.೯ ಅಂಗುಲ ಮಳೆ ಸುರಿಯಿತು. ಸೆಪ್ಟೆಂಬರ್ ೨೮ರಂದು ಮೂಸಿಯು ದಡ ಮೀರಿ ನಗರದೊಳಗೆ ನುಗ್ಗಿತು. ಅಫ್ಜಲ್‌ಗಂಜ್, ಮುಸಲ್ಲಂ ಜಂಗ್, ಚಾದರ್‌ಘಾಟ್ ಸೇತುವೆಗಳು ಕೊಚ್ಚಿಹೋದವು. ನಗರದ ಎರಡು ಭಾಗಗಳನ್ನು ಕೂಡಿಸಲು ಉಳಿದದ್ದು ಪುರಾನಾ ಪೂಲ್ ಒಂದೇ. ಹತ್ತೊಂಬತ್ತು ಸಾವಿರದಷ್ಟು ಮನೆಗಳು ಬಿದ್ದುವೆಂದೂ ಸುಮಾರು ಹದಿನೈದು ಸಾವಿರ ಜನರು ಅಸುನೀಗಿದರೆಂದೂ ಅಂದಾಜು. ಇಂದು ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಒಂದು ಹುಣಿಸೆಯ ಮರವನ್ನು ಏರಿ ಕುಳಿತು ನೂರೈವತ್ತು ಮಂದಿ ಜೀವ ಉಳಿಸಿಕೊಂಡರೆಂದು ಈ ನಗರದ ಹಿರಿಯರು ಹೇಳುತ್ತ ಬಂದಿದ್ದಾರೆ. ಆ ಮರದ ಕೊಂಬೆಗಳಿಗೆ ಅಪ್ಪಿಕೊಂಡವರಲ್ಲಿ ನಿಮ್ಮ ವಯಸ್ಸಿನ ಬಾಲಕ ಬಾಲಿಕೆಯರೂ ಇದ್ದಿರಬೇಕಲ್ಲವೆ? ಕೆಳಗೆ ಮನೆಮಾರುಗಳು ತೇಲಿಹೋಗುತ್ತಿದ್ದುದನ್ನು ಕಂಡ ಆ ಕಣ್ಣುಗಳನ್ನು ನೆನೆದರೆ ಎದೆ ನಡುಗುತ್ತದೆ.

ಅಂದಿನ ನಿಜಾಮರಾದ ಮೀರ್ ಮಹಬೂಬ್ ಅಲಿ ಖಾನರು ನಿರಾಶ್ರಿತರಿಗೆ ಅನ್ನ ಆಶ್ರಯಗಳನ್ನು ಒದಗಿಸಿದರು. ಆದರೆ ಅನ್ನವು ಇಂದಿನ ಹಸಿವೆಗೆ ಮಾತ್ರ ಮದ್ದು. ನಾಳೆ ಮತ್ತೆ ನದಿ ಉಕ್ಕಿದರೆ ಗತಿಯೇನು? ಅದೇ ವೇಳೆಗೆ ವಿಶ್ವೇಶ್ವರಯ್ಯನವರು ಮುಂಬಯಿ ಸರ್ಕಾರದ ಸೇವೆಯಿಂದ ನಿವೃತ್ತರಾಗಲು ನಿಶ್ಚಯಿಸಿ ವಿದೇಶ ಪ್ರವಾಸದಲ್ಲಿದ್ದರು. ಹೈದರಾಬಾದು ಸರ್ಕಾರದ ಆಹ್ವಾನವು ಅಲ್ಲಿಗೇ ತಲುಪಿತು. ಪ್ರವಾಸವನ್ನು ಮುಗಿಸಿಕೊಂಡು ೧೯೦೯ರ ಏಪ್ರಿಲ್ ತಿಂಗಳಲ್ಲಿ ಅವರು ಈ ನಗರಕ್ಕೆ ಬಂದಿಳಿದರು.

ಇಂತಹ ಅನರ್ಥವು ದೈವಕೋಪದಿಂದ ಸಂಭವಿಸುತ್ತದೆಂದು ನಂಬಿ ಕೈಕಟ್ಟಿ ಕುಳಿತುಕೊಳ್ಳುವುದು ಸುಲಭ. ನದಿಯ ಇಕ್ಕೆಲಗಳಲ್ಲಿ ಎತ್ತರವಾದ ಗೋಡೆಯನ್ನು ಕಟ್ಟಿಬಿಟ್ಟರೆ ಸಾಕೆಂದು ಹೇಳುವುದೂ ಸುಲಭ. ವಿಶ್ವೇಶ್ವರಯ್ಯನವರು ಈ ಎರಡನ್ನೂ ಮಾಡಲಿಲ್ಲ. ವ್ಯಾಪಾರಿಯು ತನ್ನ ಜಮಾಖರ್ಚಿನ ಪುಸ್ತಕವನ್ನು ತೆರೆಯುವಂತೆ ಅವರು ಮಳೆಯ ಲೆಕ್ಕವನ್ನು ತೆರೆದರು. ಎಷ್ಟು ಮಳೆ ಬಿದ್ದಿತು? ಎಷ್ಟು ನೆಲದ ಮೇಲೆ ಬಿದ್ದಿತು? ಆ ನೀರು ಯಾವ ಹಾದಿಯಿಂದ, ಎಷ್ಟು ಹೊತ್ತಿನಲ್ಲಿ ನಗರವನ್ನು ಮುಟ್ಟಿತು? ಈ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕಲು ನೆರೆಯ ಪ್ರಾಂತಗಳ ಮಳೆಯ ದಾಖಲೆಗಳನ್ನು ತರಿಸಿದರು. ನದಿಯ ಮೇಲುಭಾಗದ ಪ್ರದೇಶವನ್ನು ಅಳತೆ ಮಾಡಿಸಿದರು.

ಹನಿಗೂಡಿದರೆ ಹಳ್ಳ ಎಂಬ ಗಾದೆಯನ್ನು ನೀವು ಬಲ್ಲಿರಿ. ಆ ಗಾದೆಯ ಗಣಿತವನ್ನು ಒಮ್ಮೆ ನೋಡಿರಿ. ಒಂದು ಚದರ ಮೈಲಿ ನೆಲದ ಮೇಲೆ ಒಂದು ಅಂಗುಲ ಮಳೆ ನಿಂತಿತೆಂದು ಭಾವಿಸಿದರೆ ಅದು ೨೩ ಲಕ್ಷ ಘನ ಅಡಿಗಳಿಗಿಂತ ಹೆಚ್ಚಿನ ನೀರು. ಹೈದರಾಬಾದಿನಿಂದ ಮೇಲಕ್ಕೆ ಮೂಸಿಗೆ ನೀರು ಹರಿದು ಬರುವ ಪ್ರದೇಶವು ೮೬೨ ಚದರ ಮೈಲಿಗಳು. ಅಷ್ಟರ ಮೇಲೂ ಒಂದೇ ಒಂದು ಅಂಗುಲ ಮಳೆ ಬಿದ್ದರೂ ಸುಮಾರು ೨೦೦ ಕೋಟಿ ಘನ ಅಡಿ ನೀರಾಗುತ್ತದೆ! ಇದರಲ್ಲಿ ಒಂದಷ್ಟನ್ನು ನೆಲವು ಕುಡಿಯುತ್ತದೆ, ಒಂದಷ್ಟನ್ನು ಕೆರೆಕುಂಟೆಗಳು ಹಿಡಿದಿಡುತ್ತವೆ. ಉಳಿದದ್ದು ನದಿಯ ಪಾಲು. ನೆಲವು ತೊಯ್ದು ತಣಿದು ಇನ್ನು ಕುಡಿಯಲಾರದಂತಾದಾಗ, ಕೆರೆಗಳು ತುಂಬಿ ಇನ್ನು ಹಿಡಿಯಲಾರದಂತಾದಾಗ, ಬಿದ್ದ ಹನಿಯೆಲ್ಲವೂ ನದಿಗೆ ಧಾವಿಸುತ್ತದೆ. ೧೯೦೮ರಲ್ಲಿ ನಡೆದುದು ಇದೇ. ಅಂದು ಮೂಸಿಯಲ್ಲಿ ಪ್ರತಿ ಸೆಕೆಂಡಿಗೆ ೪,೨೫,೦೦೦ ಘನ ಅಡಿಗಳಷ್ಟು ನೀರು ಹರಿಯಿತೆಂದು ಲೆಕ್ಕಹಾಕಲಾಯಿತು.

ಕೆರೆಗಳ ವಿಷಯದಲ್ಲಿ ಮಾತ್ರ ಒಂದು ದುಃಖದ ಸಂಗತಿಯು ಬೆಳಕಿಗೆ ಬಂದಿತು. ಆ ಪ್ರದೇಶದಲ್ಲಿ ಪೂರ್ವಿಕರು ಕಟ್ಟಿಸಿದ್ದ ೭೮೮ ಕೆರೆಗಳಿದ್ದವು. ಹೆಚ್ಚುಕಡಮೆ ಚದರ ಮೈಲಿಗೊಂದು ಕೆರೆ! ಅವುಗಳಲ್ಲಿ ೨೨೧ ಕೆರೆಗಳು ಆ ಮಳೆಯಲ್ಲಿ ಒಡೆದುಹೋದವು. ಮೇಲಿನ ಕೆರೆಯ ಏರಿ ಒಡೆದರೆ ಅದರ ನೀರೆಲ್ಲವೂ ಕೆಳಗಿನ ಕೆರೆಗೆ ನುಗ್ಗುತ್ತದೆ. ಅದರ ಭಾರವನ್ನು ತಾಳಲಾರದೆ ಕೆಳಗಿನ ಕೆರೆಯೂ ಒಡೆಯುತ್ತದೆ. ಎರಡರ ನೀರೂ ಸೇರಿ ಮೂರನೆಯದನ್ನು ಒಡೆಯುತ್ತದೆ. ಹೀಗೆ ರಕ್ಷಕರಾಗಬೇಕಾಗಿದ್ದ ಕೆರೆಗಳೇ ಒಡೆದು ಪ್ರವಾಹಕ್ಕೆ ಬಲವನ್ನು ತುಂಬಿದವು. ಕೆರೆಯನ್ನು ಕಟ್ಟಿಸಿದ ಮಾತ್ರಕ್ಕೆ ಪುಣ್ಯ ಬರುವುದಿಲ್ಲ. ಏರಿಯನ್ನು ಬಲಪಡಿಸಿ, ಹೂಳನ್ನು ತೆಗೆದು, ಕೋಡಿಯ ಹಾದಿಯನ್ನು ತೆರವಾಗಿಟ್ಟುಕೊಂಡರೆ ಮಾತ್ರ ಅದು ಊರನ್ನು ಕಾಯುತ್ತದೆ.

ಬಂದು ಆರು ತಿಂಗಳು ತುಂಬುವುದರೊಳಗೆ, ೧೯೦೯ರ ಅಕ್ಟೋಬರ್ ತಿಂಗಳಲ್ಲಿ, ವಿಶ್ವೇಶ್ವರಯ್ಯನವರು ತಮ್ಮ ವರದಿಯನ್ನು ಸರ್ಕಾರಕ್ಕೆ ಒಪ್ಪಿಸಿದರು. ಅದರ ತಿರುಳನ್ನು ಮೂರು ಮಾತುಗಳಲ್ಲಿ ಹೇಳಬಹುದು. ಮೊದಲನೆಯದಾಗಿ, ಪ್ರವಾಹವನ್ನು ನಗರದಲ್ಲಿ ಎದುರಿಸಬಾರದು. ಅದು ನಗರಕ್ಕೆ ಬರುವ ಮೊದಲೇ ತಡೆಯಬೇಕು. ಇದಕ್ಕಾಗಿ ಮೂಸಿಗೆ ಅಡ್ಡಲಾಗಿ ಒಂದು, ಅದರ ಉಪನದಿಯಾದ ಈಸಿಗೆ ಅಡ್ಡಲಾಗಿ ಇನ್ನೊಂದು ಜಲಾಶಯವನ್ನು ನಗರದ ಮೇಲುಭಾಗದಲ್ಲಿ ಕಟ್ಟಬೇಕು. ಮಹಾಮಳೆಯ ನೀರು ಅಲ್ಲಿ ವಿಶ್ರಮಿಸಿ, ನದಿಯ ಪಾತ್ರವು ತಾಳಬಲ್ಲಷ್ಟೇ ಪ್ರಮಾಣದಲ್ಲಿ ಕೆಳಗಿಳಿಯಬೇಕು. ಎರಡನೆಯದಾಗಿ, ನಗರದೊಳಗೆ ನದಿಯ ದಡಗಳನ್ನು ಭದ್ರಪಡಿಸಿ ಅಲ್ಲಿ ಉದ್ಯಾನಗಳನ್ನೂ ವಿಹಾರಪಥಗಳನ್ನೂ ನಿರ್ಮಿಸಬೇಕು. ಜನರು ಪ್ರೀತಿಸುವ ದಡವನ್ನು ಜನರೇ ಕಾಪಾಡುತ್ತಾರೆ. ಮೂರನೆಯದಾಗಿ, ನಗರಕ್ಕೆ ಒಳಚರಂಡಿಯ ವ್ಯವಸ್ಥೆಯಾಗಬೇಕು. ಮನೆಗಳ ಹೊಲಸು ನೀರು ತನ್ನ ದಾರಿಯನ್ನು ಹಿಡಿದು ಊರ ಹೊರಗೆ ಹೋದರೆ ತಾನೆ ನದಿಯು ನದಿಯಾಗಿ ಉಳಿಯುವುದು?

ವರದಿಯನ್ನು ಒಪ್ಪಿಸಿದ ಮರುತಿಂಗಳೇ ಅವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರರಾಗಿ ತೆರಳಿದರು. ೧೯೧೨ರಿಂದ ೧೯೧೮ರವರೆಗೆ ಅಲ್ಲಿಯ ದಿವಾನರಾಗಿ ನಾಡಿನ ಕೈಗಾರಿಕೆ, ಶಿಕ್ಷಣ, ನೀರಾವರಿಗಳಿಗೆ ಹೊಸ ಜೀವವನ್ನು ತುಂಬಿದರು. ಆದರೆ ಅವರು ಬಿತ್ತಿದ ಬೀಜವು ಇಲ್ಲಿ ಮೊಳೆಯದೆ ಹೋಗಲಿಲ್ಲ. ಏಳನೆಯ ನಿಜಾಮರಾದ ಮೀರ್ ಉಸ್ಮಾನ್ ಅಲಿ ಖಾನರ ಕಾಲದಲ್ಲಿ, ಗಂಡಿಪೇಟೆಯ ಬಳಿ ಮೂಸಿಗೆ ಅಡ್ಡಲಾಗಿ ಉಸ್ಮಾನ್ ಸಾಗರವು ೧೯೨೦ರಲ್ಲಿಯೂ ಈಸಿಗೆ ಅಡ್ಡಲಾಗಿ ಹಿಮಾಯತ್ ಸಾಗರವು ೧೯೨೭ರಲ್ಲಿಯೂ ಪೂರ್ಣಗೊಂಡವು. ಒಳಚರಂಡಿಯ ಕಾರ್ಯಕ್ಕೆ ಸಲಹೆ ಕೊಡಲು ವಿಶ್ವೇಶ್ವರಯ್ಯನವರೂ ಮುಂದೆ ಪುನಃ ಈ ನಗರಕ್ಕೆ ಬಂದರು. ಪ್ರವಾಹವನ್ನು ತಡೆಯಲೆಂದು ಯೋಚಿಸಿದ ಆ ಸಾಗರಗಳು ಹಲವು ದಶಕಗಳ ಕಾಲ ಹೈದರಾಬಾದಿನ ಜನರ ಬಾಯಾರಿಕೆಯನ್ನೂ ಹಿಂಗಿಸಿದವು. ಕೊಲ್ಲಲು ಬಂದ ನೀರನ್ನೇ ಬದುಕಿಸುವ ನೀರನ್ನಾಗಿ ಮಾಡಿದ ಈ ಕಾರ್ಯಕ್ಕಿಂತ ದೊಡ್ಡ ಪವಾಡ ಯಾವುದು? ೧೯೦೮ರಷ್ಟು ಘೋರವಾದ ಮೂಸಿಯ ಪ್ರವಾಹವು ಅನಂತರ ಈ ನಗರವನ್ನು ಕಾಡಿಲ್ಲ.

ವಿಶ್ವೇಶ್ವರಯ್ಯನವರಿಗೆ ೧೯೫೫ರಲ್ಲಿ ಭಾರತರತ್ನ ಪ್ರಶಸ್ತಿಯು ದೊರೆಯಿತು. ನೂರು ವರ್ಷಗಳನ್ನು ದಾಟಿದ ಸಾರ್ಥಕ ಜೀವನವನ್ನು ನಡೆಸಿ, ೧೯೬೨ರ ಏಪ್ರಿಲ್ ತಿಂಗಳಲ್ಲಿ ಅವರು ಬೆಂಗಳೂರಿನಲ್ಲಿ ದೇಹತ್ಯಾಗ ಮಾಡಿದರು. ಮುದ್ದೇನಹಳ್ಳಿಯಲ್ಲಿ ಅವರ ಸಮಾಧಿಯಿದೆ.

ಮಹಾಪುರುಷರ ಚರಿತ್ರೆಯನ್ನು ಓದಿ ಕೈಮುಗಿದು ಪುಸ್ತಕವನ್ನು ಮುಚ್ಚಿಬಿಟ್ಟರೆ ಅದರಿಂದ ಫಲವೇನು? ಅವರು ಬಿಟ್ಟುಹೋದ ಕೆಲಸದಲ್ಲಿ ನಮ್ಮ ಪಾಲು ಎಷ್ಟೆಂಬುದನ್ನು ವಿಚಾರಿಸಬೇಕು. ೨೦೨೦ರ ಅಕ್ಟೋಬರ್ ತಿಂಗಳ ಮಳೆಯನ್ನು ನಿಮ್ಮ ಮನೆಯ ಹಿರಿಯರು ಮರೆತಿರಲಾರರು. ಅಂದು ರಸ್ತೆಗಳು ಹೊಳೆಗಳಾದವು, ಕೆಲವು ಕೆರೆಗಳ ಏರಿಗಳು ಒಡೆದವು, ಬಡಾವಣೆಗಳು ದಿನಗಟ್ಟಲೆ ನೀರಿನಲ್ಲಿ ನಿಂತವು, ಅನೇಕರು ಪ್ರಾಣ ಕಳೆದುಕೊಂಡರು. ಎರಡು ಸಾಗರಗಳು ಇದ್ದೂ ಹೀಗೇಕಾಯಿತೆಂದು ನೀವು ಕೇಳಬಹುದು. ಪ್ರಶ್ನೆಯು ಯೋಗ್ಯವಾದುದು. ಆ ಸಾಗರಗಳು ತಮ್ಮ ಮೇಲುಭಾಗದಲ್ಲಿ ಬಿದ್ದ ಮಳೆಯನ್ನು ತಡೆಯಬಲ್ಲವು. ಅವುಗಳ ಕೆಳಗೆ, ನಗರದ ತಲೆಯ ಮೇಲೆಯೇ ಬಿದ್ದ ಮಳೆಯನ್ನು ತಡೆಯುವವರು ಯಾರು? ಅದಕ್ಕೆ ನಗರದ ಕೆರೆಗಳೂ ನಾಲೆಗಳೂ ತೆರೆದ ನೆಲವೂ ಬೇಕು. ಹಿಂದೆ ಹೊಲ ತೋಟಗಳಾಗಿದ್ದ ನೆಲವು ಇಂದು ಸಿಮೆಂಟಿನಿಂದ ಮುಚ್ಚಿಹೋಗಿದೆ. ಕೆರೆಯ ಅಂಗಳಗಳಲ್ಲಿ ಮನೆಗಳೆದ್ದಿವೆ. ಕೆರೆಯಿಂದ ಕೆರೆಗೆ ನೀರನ್ನು ಒಯ್ಯುತ್ತಿದ್ದ ನಾಲೆಗಳು ಕಿರಿದಾಗಿ ಕಸದಿಂದ ತುಂಬಿವೆ.

ನಿಮ್ಮ ಮನೆಯಲ್ಲಿಯೇ ಒಂದು ಸಣ್ಣ ಪ್ರಯೋಗವನ್ನು ಮಾಡಿ ನೋಡಿರಿ. ಒಂದು ತಂಬಿಗೆ ನೀರನ್ನು ಸಿಮೆಂಟಿನ ಅಂಗಳದ ಮೇಲೆ ಸುರಿಯಿರಿ. ಇನ್ನೊಂದು ತಂಬಿಗೆಯನ್ನು ಗಿಡದ ಬುಡದ ಸಡಿಲ ಮಣ್ಣಿನ ಮೇಲೆ ಸುರಿಯಿರಿ. ಮೊದಲನೆಯದು ಧೂಳು, ಎಣ್ಣೆಯ ಜಿಡ್ಡು, ಕಸಕಡ್ಡಿಗಳನ್ನೆಲ್ಲ ಬಳಿದುಕೊಂಡು ಕ್ಷಣದಲ್ಲಿ ಮೋರಿಗೆ ಓಡುತ್ತದೆ. ಎರಡನೆಯದು ಮೆಲ್ಲಗೆ ಒಳಗಿಳಿಯುತ್ತದೆ. ಮೋರಿಗೆ ಓಡಿದ ನೀರು ನಾಲೆಯನ್ನು ಸೇರುತ್ತದೆ, ನಾಲೆಯು ಕೆರೆಯನ್ನೋ ಮೂಸಿಯನ್ನೋ ಸೇರುತ್ತದೆ. ಹೀಗೆ ನಮ್ಮ ಬೀದಿಯ ಕೊಳೆಯೇ ಕೆರೆಯ ಕೊಳೆ. ನಮ್ಮ ಅಂಗಳದ ಅವಸರವೇ ನದಿಯ ಪ್ರವಾಹ. ಹದಿನಾರನೆಯ ಶತಮಾನದಲ್ಲಿ ಕುತುಬ್ ಶಾಹಿ ಅರಸರು ಕಟ್ಟಿಸಿದ ಹುಸೇನ್ ಸಾಗರವು ನಾಲೆಗಳು ಹೊತ್ತು ತಂದ ಹೊಲಸಿನಿಂದಲೇ ಕೆಟ್ಟಿತು. ವಿಶ್ವೇಶ್ವರಯ್ಯನವರು ಒಳಚರಂಡಿಯ ಮಾತನ್ನು ಪ್ರವಾಹದ ಮಾತಿನೊಡನೆ ಕೂಡಿಸಿ ಹೇಳಿದುದರ ಮರ್ಮವು ಇದೇ.

೧೯೯೬ರಲ್ಲಿ ಸರ್ಕಾರವು ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರಗಳ ಸುತ್ತಲೂ ೧೦ ಕಿಲೋಮೀಟರುಗಳ ವರೆಗೆ ಕಾರ್ಖಾನೆ ಮತ್ತು ದೊಡ್ಡ ಕಟ್ಟಡಗಳ ನಿರ್ಮಾಣಕ್ಕೆ ನಿರ್ಬಂಧವನ್ನು ವಿಧಿಸಿತು. ೨೦೨೨ರಲ್ಲಿ ಆ ನಿರ್ಬಂಧಗಳನ್ನು ತೆಗೆಯುವ ಆಜ್ಞೆಯು ಹೊರಟಿತು. ಅಲ್ಲಿ ಜಮೀನುಳ್ಳ ಗ್ರಾಮಸ್ಥರಿಗೆ ತಮ್ಮ ನೆಲದಿಂದ ಲಾಭವನ್ನು ಪಡೆಯಬೇಕೆಂಬ ಆಸೆ ಸಹಜವಾದುದು, ಅದನ್ನು ಹೀಗಳೆಯಲಾಗದು. ಆದರೆ ಮೇಲುಭಾಗದ ನೆಲವೆಲ್ಲ ಕಲ್ಲಾಗಿಹೋದರೆ ಸಾಗರಗಳಿಗೆ ಬರುವ ನೀರು ಬರಬೇಕಾದಂತೆ ಬರುವುದಿಲ್ಲ. ಬಂದರೂ ಕೆಸರನ್ನೂ ಕೊಳೆಯನ್ನೂ ಹೊತ್ತು, ಒಮ್ಮೆಗೇ ನುಗ್ಗಿ ಬರುತ್ತದೆ. ನಾಳೆ ಈ ನಗರದ ಪೌರರಾಗುವ ನೀವು ಈ ಎರಡು ಹಿತಗಳನ್ನೂ ತಕ್ಕಡಿಯಲ್ಲಿಟ್ಟು ತೂಗಬೇಕಾದವರು. ತೂಗುವಾಗ ಆ ಹುಣಿಸೆಯ ಮರವನ್ನು ಮರೆಯಬೇಡಿರಿ.

ಬಾಲಕರಾದ ನಮ್ಮಿಂದ ಏನಾದೀತೆಂದು ಕೇಳುವಿರಾ? ನಾಲೆಗೆ ಕಸವನ್ನು ಎಸೆಯದಿರುವುದು ನಿಮ್ಮಿಂದ ಆಗುವ ಕೆಲಸ. ಮನೆಯ ಮಾಳಿಗೆಯ ಮಳೆನೀರನ್ನು ಇಂಗುಗುಂಡಿಗೆ ಇಳಿಸುವಂತೆ ತಂದೆತಾಯಿಗಳನ್ನು ಒಪ್ಪಿಸುವುದು ನಿಮ್ಮಿಂದ ಆಗುವ ಕೆಲಸ. ಶಾಲೆಯ ಅಂಗಳದಲ್ಲಿ ಒಂದಿಷ್ಟು ನೆಲವನ್ನು ಮಣ್ಣಾಗಿಯೇ ಉಳಿಸಿ ಅಲ್ಲಿ ಗಿಡ ನೆಡುವುದೂ ನಿಮ್ಮಿಂದ ಆಗುವ ಕೆಲಸ. ಈ ಮಳೆಗಾಲದಲ್ಲಿ ಶಾಲೆಯ ಮಾಳಿಗೆಯ ಮೇಲೆ ಒಂದು ಮಳೆಮಾಪಕವನ್ನಿಟ್ಟು ದಿನದಿನದ ಮಳೆಯನ್ನು ಪುಸ್ತಕದಲ್ಲಿ ಬರೆದಿಡಿರಿ. ಕೆಲಸವು ಅಲ್ಪವಾಗಿ ಕಾಣಬಹುದು. ಆದರೆ ಮೂಸಿಯನ್ನು ಪಳಗಿಸಿದ ಮಹನೀಯರು ತಮ್ಮ ಕೆಲಸವನ್ನು ಆರಂಭಿಸಿದುದೂ ಅಲ್ಲಿಂದಲೇ: ಬಿದ್ದ ಮಳೆಯ ಲೆಕ್ಕವನ್ನು ಶ್ರದ್ಧೆಯಿಂದ ಬರೆಯುವುದರಿಂದ.